ಒರೆಗಲ್ಲಿನ ಕೋಣೆಯ ಒಂದೇ ಕುರ್ಚಿ

ಗಾಜಿನ ತಟ್ಟೆಯಲ್ಲಿ ತೊಂಬತ್ತಾರು ಗುಳಿಗಳಿದ್ದವು. ಪಡ್ಡಿನ ಹಂಚನ್ನು ಅಂಗೈಯಗಲಕ್ಕೆ ಕುಗ್ಗಿಸಿದರೆ ಹೇಗಿರುತ್ತದೋ ಹಾಗೆ. ರೋಗಿಯ ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ಅಕ್ಕಿಕಾಳಿನಷ್ಟು ಮಾಂಸವನ್ನು ಸಾವಿರ ಪಾಲು ಮಾಡಿ, ಅವನದೇ ಯಕೃತ್ತಿನ ಮತ್ತು ರಕ್ತದ ಜೀವಕೋಶಗಳನ್ನು ಜೊತೆಗಿಟ್ಟು, ಆ ಗುಳಿಗಳಲ್ಲಿ ಬೆಳೆಸಿದ್ದರು. ಒಂದೊಂದು ಗುಳಿಯಲ್ಲಿ ಒಂದೊಂದು ಔಷಧಿ. ಔಷಧಿಗೆ ರೋಗ ಸಾಯುತ್ತದೋ ರೋಗಿಯೇ ಸಾಯುತ್ತಾನೋ ಎಂಬುದನ್ನು ಮೊದಲು ಮನುಷ್ಯನ ಮೈಮೇಲೆ ಪ್ರಯೋಗಿಸಿ ನೋಡುತ್ತಿದ್ದ ಕಾಲವೊಂದಿತ್ತು. ಈಗ ಅದನ್ನು ತಟ್ಟೆಯಲ್ಲಿ ನೋಡುತ್ತಿದ್ದರು. ಒಂಬತ್ತು ದಿನ ಕಾದರೆ ಹತ್ತನೆಯ ದಿನ ಉತ್ತರ ಸಿಗುತ್ತಿತ್ತು.

ಯಂತ್ರದ ಹೆಸರು ಒರೆಗಲ್ಲು. ಅದನ್ನು ಕಂಡುಹಿಡಿದವರು ಹುಬ್ಬಳ್ಳಿಯ ಡಾ. ಇಂದುಮತಿ ಹೂಲಿ. 2058ರ ಹೊತ್ತಿಗೆ ದೇಶದ ನಾನೂರು ಆಸ್ಪತ್ರೆಗಳಲ್ಲಿ ಒರೆಗಲ್ಲು ಕೂತಿತ್ತು. ಪ್ರತಿ ಚಿಕಿತ್ಸೆಗೂ ಅದು ಎರಡು ಲೆಕ್ಕ ಹೇಳುತ್ತಿತ್ತು: ಇದನ್ನು ಮಾಡಿಸಿಕೊಂಡರೆ ಎಷ್ಟು ದಿನ ಬದುಕುತ್ತೀರಿ, ಅದರಲ್ಲಿ ಎಷ್ಟು ದಿನ ಎದ್ದು ಓಡಾಡುತ್ತೀರಿ. ಎರಡನೆಯದನ್ನು ಹೇಳುವ ಯಂತ್ರ ಅದಕ್ಕೂ ಮುಂಚೆ ಇರಲಿಲ್ಲ.

ಆದರೆ ಇಂದುಮತಿಗೆ ಹೆಮ್ಮೆ ಇದ್ದದ್ದು ಗುಳಿಗಳ ಬಗ್ಗೆ ಅಲ್ಲ, ಕುರ್ಚಿಯ ಬಗ್ಗೆ. ಒರೆಗಲ್ಲಿನ ಕೋಣೆಯಲ್ಲಿ ಒಂದೇ ಕುರ್ಚಿ. ಅದು ರೋಗಿಗೆ. ಗಂಡ, ಹೆಂಡತಿ, ಮಗ, ಭಾವ ಯಾರಿಗೂ ಒಳಗೆ ಜಾಗವಿಲ್ಲ. ಉತ್ತರವಿರುವ ಒಂದು ಬಿಲ್ಲೆಯನ್ನು ರೋಗಿಯ ಕೈಗೆ ಕೊಡುತ್ತಿದ್ದರು. ಅದು ಅವನ ಅಂಗೈ ತಗುಲಿದರೆ ಮಾತ್ರ ಬಾಯಿ ಬಿಡುತ್ತಿತ್ತು, ಹುಬ್ಬಳ್ಳಿಯಲ್ಲಾದರೆ ಹುಬ್ಬಳ್ಳಿಯ ಕನ್ನಡದಲ್ಲೇ, ಇಂದುಮತಿಯ ಸ್ವಂತ ದನಿಯಲ್ಲಿ. ಬೇರೆ ಕೀಲಿಯೇ ಇಲ್ಲ. ಮೊದಲ ಮಾದರಿಗೊಂದು ಕೀಲಿ ಇತ್ತು, ಅದನ್ನು ಅಳಿಸಿಹಾಕಿದವಳೂ ಅವಳೇ. ಅಷ್ಟೇ ಅಲ್ಲ, ಚಿಕಿತ್ಸೆ ಮಾಡುವ ವೈದ್ಯರೂ ರೋಗಿಯ ಅನುಮತಿಯಿಲ್ಲದೆ ಮನೆಯವರೊಡನೆ ತುಟಿ ಬಿಚ್ಚಬಾರದು ಎಂದು ನಿಯಮ ಮಾಡಿಸಿದ್ದಳು.

ಇದಕ್ಕೆ ಕಾರಣವಾದ ಕತೆಯನ್ನು ಅವಳು ಎಷ್ಟು ಸಭೆಗಳಲ್ಲಿ ಹೇಳಿದ್ದಳೋ ಲೆಕ್ಕವಿಲ್ಲ. 2029ರಲ್ಲಿ ಅವಳ ತಾಯಿಗೆ ಪಿತ್ತಕೋಶದ ಕ್ಯಾನ್ಸರ್ ಆಯಿತು. ಆಗಿನ ರೂಢಿಯಂತೆ ಡಾಕ್ಟರು ಮನೆಯವರನ್ನು ಮಾತ್ರ ಹೊರಗೆ ವರಾಂಡಕ್ಕೆ ಕರೆದು ವಿಷಯ ಹೇಳಿದರು. ಹೊರಗೆ ಹೋದವಳು ಅಕ್ಕ ಕಾಶವ್ವ. ಒಳಗೆ ಬಂದು "ಹರಳು ಆಗೇತಂತ, ಕರಗತೈತಂತ" ಅಂದಳು. ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಇಂದುಮತಿಗೂ ಅದನ್ನೇ ಹೇಳಿದಳು. ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದಾಗ ತಾಯಿಗೆ ಗುರುತು ಹಿಡಿಯುವಷ್ಟೂ ಎಚ್ಚರವಿರಲಿಲ್ಲ. "ನನ್ನ ತಾಯಿ ತನ್ನ ಕಾಯಿಲೆಯ ಹೆಸರು ತಿಳಿಯದೆ ಸತ್ತಳು. ಇನ್ನು ಯಾರೂ ಹಾಗೆ ಸಾಯಬಾರದು" ಎಂದು ಇಂದುಮತಿ ಭಾಷಣ ಮುಗಿಸುತ್ತಿದ್ದಳು. ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಕೋಣೆಯ ಹೊರಗೆ ನಿಂತು ರೋಗಿಗಳು ಬರುವುದನ್ನು ನೋಡುವುದು ಅವಳಿಗೆ ಇಷ್ಟವಾದ ಕೆಲಸ. ಅವತ್ತು ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್ ಒಬ್ಬರು ಹೊರಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡರು, ಆಮೇಲೆ ನಕ್ಕು ಮಗಳ ಹೆಗಲ ಮೇಲೆ ಕೈ ಹಾಕಿದರು. "ಏನಿಲ್ಲಂತ ನಡಿ, ಚಹಾ ಕುಡಿಯೂಣು." ನಿಜ ಕೇಳಿಯೂ ಈ ಮನುಷ್ಯ ಹೇಗೆ ತಲೆಯೆತ್ತಿ ನಡೆಯುತ್ತಾನೆ ನೋಡಿ ಎಂದು ಇಂದುಮತಿಗೆ ಕಣ್ಣು ತುಂಬಿತು. ಬಾಗಿಲ ಬಳಿ ಇದ್ದ ಸಿಸ್ಟರ್ ಮುಮ್ತಾಜ್ ಏನೋ ಹೇಳಲು ಹೊರಟವರು ಮೇಡಮ್ಮನ ಮುಖ ನೋಡಿ ಸುಮ್ಮನಾದರು.

ಅದೇ ವರ್ಷದ ಬೇಸಿಗೆಯಲ್ಲಿ ಕಾಶವ್ವನ ಕಣ್ಣು ಹಳದಿಯಾದವು.

ಕಾಶವ್ವನಿಗೆ ಅರವತ್ತಮೂರು. ಹಳೇ ಹುಬ್ಬಳ್ಳಿಯಲ್ಲಿ ಅವಳದೊಂದು ಖಾನಾವಳಿ. ಮೂವತ್ತು ವರ್ಷದಿಂದ ಊಟದ ಹೊತ್ತಿಗೆ ಅಲ್ಲಿ ಕೂರಲು ಜಾಗ ಸಿಕ್ಕಿದವನೇ ಪುಣ್ಯವಂತ. ರೊಟ್ಟಿ ಬಡಿಯಲು ಐದು ಜನ ಹೆಣ್ಣುಮಕ್ಕಳಿದ್ದರೂ ರುಚಿ ನೋಡುವ ಕೆಲಸ ಮಾತ್ರ ಕಾಶವ್ವ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಪ್ರತಿ ಪಾತ್ರೆಯಿಂದ ಒಂದು ಹನಿ ಎಡ ಅಂಗೈಗೆ ಹಾಕಿಕೊಂಡು ನೆಕ್ಕಿ ಹುಕುಂ ಕೊಡುತ್ತಿದ್ದಳು: ಉಪ್ಪು, ಹುಣಸೆ, ಇನ್ನೊಂದು ಕುದಿ. ತಂದೆಯಿಲ್ಲದ ಮನೆಯಲ್ಲಿ ತಾಯಿ ಹೋದಮೇಲೆ ತಂಗಿಯನ್ನು ವಿಜ್ಞಾನಿ ಮಾಡಿದ್ದು ಆ ನಾಲಿಗೆ.

ತಾಯಿಯ ಕಾಯಿಲೆಯೇ ಮಗಳಿಗೂ ಬಂದಿತ್ತು. ಪಿತ್ತಕೋಶದಲ್ಲಿ ಹುಟ್ಟಿದ ಗಡ್ಡೆ ಪಿತ್ತ ಇಳಿಯುವ ನಾಳವನ್ನು ಒತ್ತಿಹಿಡಿದಿತ್ತು, ಅದಕ್ಕೇ ಕಾಮಾಲೆ. ವೈದ್ಯರು ನಾಳದೊಳಗೆ ಸಣ್ಣ ನಳಿಗೆ ಇಟ್ಟು ಪಿತ್ತಕ್ಕೆ ದಾರಿ ಮಾಡಿದರು, ಹಳದಿ ಇಳಿಯಿತು. ಮುಂದೇನು ಎಂಬುದನ್ನು ಒರೆಗಲ್ಲು ಹೇಳಬೇಕಿತ್ತು. ಆ ಒಂಬತ್ತು ದಿನ ಇಂದುಮತಿ ಅನ್ನ ತಿಂದಳೋ ಮಣ್ಣು ತಿಂದಳೋ ಅವಳಿಗೇ ಗೊತ್ತಿಲ್ಲ. ಹೀಗಾದರೆ ಹೀಗೆ, ಹಾಗಾದರೆ ಹಾಗೆ ಎಂದು ಅಕ್ಕನ ಮುಂದೆ ಕೂತು ಎಲ್ಲ ದಾರಿಗಳನ್ನೂ ತೂಗಿ ಹೇಳುತ್ತಿದ್ದಳು. ಯಕೃತ್ತಿನ ಒಂದು ಭಾಗವನ್ನೂ ಸೇರಿಸಿ ತೆಗೆಯುವ ದೊಡ್ಡ ಆಪರೇಷನ್ ಇದೆ, ಅದರ ಮೇಲೆ ಒಂದು ವರ್ಷ ಮಾತ್ರೆ. ಆಪರೇಷನ್ ಬೇಡವೆಂದರೆ ಬರೀ ಮಾತ್ರೆ. ಅದೂ ಬೇಡವೆಂದರೆ ನಳಿಗೆ, ನೋವಿಗೆ ಮದ್ದು, ಅಷ್ಟೇ. ಕಾಶವ್ವ ಬೆಳ್ಳುಳ್ಳಿ ಸುಲಿಯುತ್ತಾ ಹೂಂ ಅನ್ನುತ್ತಿದ್ದಳು. ತಂಗಿ ಏನು ಹೇಳಿದರೂ ಹೂಂ ಅನ್ನುವುದು ಅವಳ ಹಳೆಯ ಚಾಳಿ. ಮಾತ್ರೆಗೆ ನಾಲಿಗೆಯ ರುಚಿ ಹೋಗುತ್ತದೆ ಎಂದಾಗ ಮಾತ್ರ ಅವಳ ಕೈ ನಿಂತಿತು. "ಎಷ್ಟ ದಿನಾ?" ಎಂದು ಕೇಳಿದಳು. ಮಾತ್ರೆ ತಿನ್ನುವಷ್ಟು ದಿನವೂ, ಆಮೇಲೂ ಒಂದಷ್ಟು ತಿಂಗಳು, ಜೀವಕ್ಕಿಂತ ದೊಡ್ಡದೇ ನಾಲಿಗೆ ಎಂದು ಇಂದುಮತಿ ಮುಂದಿನ ಮಾತಿಗೆ ಹೋದಳು. ಬೆಳ್ಳುಳ್ಳಿ ಸುಲಿಯುವುದು ಮತ್ತೆ ಶುರುವಾಯಿತು.

ಹತ್ತನೆಯ ದಿನ ಕಾಶವ್ವ ಒಬ್ಬಳೇ ಒಳಗೆ ಹೋದಳು. ಇಂದುಮತಿ ಮೊದಲ ಬಾರಿಗೆ ಹೊರಗಿನ ಬೆಂಚಿನ ಮೇಲೆ ಕೂತಳು. ತಾನೇ ಮಾಡಿಸಿದ ಬಾಗಿಲು ಇಷ್ಟು ದಪ್ಪವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಅಕ್ಕ ಹೊರಗೆ ಬಂದಳು, ಸೆರಗು ಸರಿಮಾಡಿಕೊಂಡು ನಕ್ಕಳು.

"ಆಪರೇಶನ್ ಬ್ಯಾಡಂತ, ತಂಗಿ. ಗುಳಗಿ ತಗೊಂಡ್ರ ಸಾಕಂತ. ನನ್ನ ಗಡ್ಡಿ ಗುಳಗಿಗೇ ಕರಗತೈತಂತ."

ಹಾಗಾಗುವುದು ಸಾವಿರಕ್ಕೊಬ್ಬರಿಗೆ. ಇಂದುಮತಿಯೊಳಗಿನ ವಿಜ್ಞಾನಿಗೆ ಅದು ಗೊತ್ತಿತ್ತು. ಆದರೆ ಆ ಸಾವಿರದಲ್ಲಿ ಒಬ್ಬಳು ತನ್ನ ಅಕ್ಕ ಯಾಕಾಗಬಾರದು? ಒರೆಗಲ್ಲು ಸುಳ್ಳು ಹೇಳುವುದಿಲ್ಲವಲ್ಲ. ಅವಳು ಆಸ್ಪತ್ರೆಗೆಲ್ಲ ಪೇಢೆ ಹಂಚಿದಳು. ಒಮ್ಮೆ ಶಸ್ತ್ರವೈದ್ಯರು ಎದುರಿಗೆ ಸಿಕ್ಕಾಗ, ಅಕ್ಕನ ವಿಷಯ ಎಂದು ಬಾಯಿ ತೆರೆದಳು. ಅವರು ಎರಡೂ ಕೈ ಮೇಲೆತ್ತಿದರು. "ನಿಮ್ಮದೇ ನಿಯಮ ಅಲ್ರೀ ಮೇಡಂ" ಎಂದರು. ಹೌದಲ್ಲ ಎಂದು ಇಂದುಮತಿ ನಕ್ಕಳು. ನಿಯಮ ಇಷ್ಟು ಗಟ್ಟಿಯಾಗಿ ಬೇರೂರಿದೆಯಲ್ಲ ಎಂದು ಖುಷಿಯೇ ಪಟ್ಟಳು.

ಬಿಲ್ಲೆ ಅಕ್ಕನ ಕೈಗೆ ಬಂದ ನಲವತ್ತನಾಲ್ಕನೆಯ ದಿನ ಮಧ್ಯಾಹ್ನ ಅವಳು ಖಾನಾವಳಿಗೆ ಊಟಕ್ಕೆ ಹೋದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸಾರು. ಒಲೆಯ ಮುಂದೆ ನಿಂತಿದ್ದ ಕಾಶವ್ವ ಎಂದಿನಂತೆ ಹನಿ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು. "ಉಪ್ಪ ಒಂದ ಚಿಟಿಕಿ ಕಮ್ಮಿ ಆಗೇತಿ. ಹುಣಸಿ ಜಾಸ್ತಿ ಹಾಕೀರಿ, ಬೆಲ್ಲಾ ಹಾಕ್ರಿ" ಎಂದಳು. ಆ ಮಾತು ಕಿವಿಗೆ ಬೀಳುವ ಹೊತ್ತಿಗೆ ಅದೇ ಸಾರು ಇಂದುಮತಿಯ ನಾಲಿಗೆಯ ಮೇಲಿತ್ತು. ಉಪ್ಪು ಒಂದು ಚಿಟಿಕೆ ಕಡಿಮೆಯೇ ಇತ್ತು. ಹುಣಸೆ ಹೆಚ್ಚಾಗಿತ್ತು.

ರೊಟ್ಟಿಯ ಚೂರು ಅವಳ ಕೈಯಲ್ಲೇ ಉಳಿಯಿತು. ಆ ಮಾತ್ರೆ ತಿಂದವರ ನಾಲಿಗೆ ಎಂಟನೆಯ ದಿನಕ್ಕೆ ಸಾಯುತ್ತದೆ. ಬೆಲ್ಲಕ್ಕೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಇಂದುಮತಿ ನೋಡಿದ ಮುನ್ನೂರು ರೋಗಿಗಳಲ್ಲಿ ಒಬ್ಬರೂ ಇದಕ್ಕೆ ಹೊರತಾಗಿರಲಿಲ್ಲ. ನಲವತ್ತನಾಲ್ಕು ದಿನದಿಂದ ಮಾತ್ರೆ ನುಂಗುತ್ತಿರುವ ಹೆಂಗಸು ಹುಣಸೆ ಹೆಚ್ಚಾಯಿತು ಅನ್ನುವುದು ಹೇಗೆ?

ಊಟದ ಜನ ಎಲ್ಲ ಏಳುವವರೆಗೆ ಅವಳು ಕೂತೇ ಇದ್ದಳು. ಎಂಜಲು ಕೈ ಒಣಗಿಹೋಯಿತು. ರೊಟ್ಟಿಯ ಹೆಣ್ಣುಮಕ್ಕಳು ಹಿತ್ತಲಿಗೆ ಹೋದಮೇಲೆ ಅಕ್ಕನ ಎದುರು ಬಂದು ನಿಂತು, ಗುಳಿಗೆ ತೆಗೆದುಕೊಳ್ಳುತ್ತಿಲ್ಲ ಅಲ್ಲವೇ ಎಂದು ಕೇಳಿದಳು. ಕಾಶವ್ವ ನಡೆದು ಹೋಗಿ ಮೇಲಿನ ಹಲಗೆಯಿಂದ ಹಪ್ಪಳದ ಡಬ್ಬಿ ಇಳಿಸಿ, ಅದರ ತಳದಿಂದ ಬಿಲ್ಲೆ ತೆಗೆದು ಅಂಗೈ ಮೇಲಿಟ್ಟುಕೊಂಡಳು. ಉಪ್ಪು ನೋಡುವ ಅದೇ ಎಡ ಅಂಗೈ.

ಬಿಲ್ಲೆ ಮಾತಾಡಿತು, ಇಂದುಮತಿಯದೇ ದನಿಯಲ್ಲಿ, ಸಮಾಧಾನವಾಗಿ, ಪ್ರೀತಿಯಿಂದ. ಕಾಶವ್ವನವರೇ, ಬರೀ ಗುಳಿಗೆಯಿಂದ ನಿಮ್ಮ ಗಡ್ಡೆ ಕರಗುವುದಿಲ್ಲ. ಆಪರೇಷನ್ ಮಾಡಿಸಿ ಒಂದು ವರ್ಷ ಗುಳಿಗೆ ತಗೊಂಡರೆ ಹತ್ತರಲ್ಲಿ ಮೂರು ಪಾಲು, ನೀವು ಐದು ವರ್ಷಕ್ಕಿಂತ ಹೆಚ್ಚು ಬದುಕುತ್ತೀರಿ. ಹತ್ತರಲ್ಲಿ ಒಂದು ಪಾಲು, ಆಪರೇಷನ್ ಟೇಬಲ್ಲಿನಿಂದ ಏಳುವುದಿಲ್ಲ. ಉಳಿದ ಆರು ಪಾಲು, ಒಂದು ವರ್ಷದ ಮೇಲೆ ಸ್ವಲ್ಪ ದಿನ, ಬಹಳಷ್ಟು ಹಾಸಿಗೆಯಲ್ಲಿ. ಏನೂ ಮಾಡಿಸದಿದ್ದರೆ ಏಳು ತಿಂಗಳು, ಅದರಲ್ಲಿ ಐದು ತಿಂಗಳು ಓಡಾಡಿಕೊಂಡು. ಆಪರೇಷನ್ ಮಾಡಿಸುವುದಾದರೆ ಆರು ವಾರದೊಳಗೆ ಮಾಡಿಸಬೇಕು.

ಆರು ವಾರ ಅಂದರೆ ನಲವತ್ತೆರಡು ದಿನ.

ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ದುಃಖ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. ಲೋಕದ ಬಾಯಲ್ಲಿ ನಿಜ ಆಡಿಸುವ ಯಂತ್ರ ಕಟ್ಟಿದವಳನ್ನು ಮನೆಯವಳೇ ಹಪ್ಪಳದ ಡಬ್ಬಿ ಮುಚ್ಚಿ ಕುರುಡಿ ಮಾಡಿದ್ದಳು. ತಾನು ಪೇಢೆ ಹಂಚಿದ್ದು, ಅಕ್ಕ ಅದರಲ್ಲೊಂದನ್ನು ಬಾಯಿಗೆ ಹಾಕಿಕೊಂಡು ಚಲೋ ಅದಾವು ಎಂದದ್ದು, ಎಲ್ಲ ನೆನಪಾಯಿತು.

"ಮೂರು ಪಾಲು ಇತ್ತಲ್ಲಕ್ಕಾ. ನನಗ ಯಾಕ ಹೇಳಲಿಲ್ಲ?"

"ಹೇಳಿದ್ದರ ನೀ ಬಿಡತಿದ್ದೇನು?" ಕಾಶವ್ವನ ದನಿ ಏರಲಿಲ್ಲ. "ಕೂತು ಅಳತಿದ್ದಿ. ನೀ ಅತ್ತರ ನಾ ಹೂಂ ಅಂತಿದ್ದೆ. ಹುಟ್ಟಿದಾಗಿಂದ ನಿನಗ ಹೂಂ ಅಂದಾಕಿ ನಾನು. ನಾಲಿಗಿ ಕಳಕೊಂಡು ಹಾಸಿಗಿ ಮ್ಯಾಲೆ ಮಲಗಿ ನಾ ಯಾರು? ನಿನ್ನ ಕಲ್ಲು ಓಡಾಡೂ ದಿನ ಎಣಿಸತೈತಿ. ಉಪ್ಪು ತಿಳಿಯೂ ದಿನ ಎಣಿಸಂಗಿಲ್ಲ."

ಉತ್ತರ ಹೊಳೆಯದಾಗ ಮನುಷ್ಯ ಹಳೆಯ ಗಾಯ ಕೆದಕುತ್ತಾನೆ. ಇಂದುಮತಿಯೂ ಅದನ್ನೇ ಮಾಡಿದಳು. ನಿನಗೆ ಇದು ಹೊಸದೇನಲ್ಲ, ಅವ್ವನನ್ನೂ ಹೀಗೇ ಕತ್ತಲೆಯಲ್ಲಿಟ್ಟು ಸಾಯಿಸಿದೆ ಎಂದಳು. ಆಡಬಾರದ ಮಾತು ಆಡಿ ಮುಗಿದಿತ್ತು.

ಕಾಶವ್ವ ಬಿಲ್ಲೆಯನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಅವ್ವಗ ಎಲ್ಲಾ ಗೊತ್ತಿತ್ತು. ನಾ ವರಾಂಡದಿಂದ ಒಳಗ ಬಂದಾಗ ನನ್ನ ಮಾರಿ ನೋಡೇ ತಿಳಕೊಂಡ್ಲು. ಮೂರು ದಿನ ಬಿಡದ ಕೇಳಿದ್ಲು, ನಾ ಒಂದೂ ಬಿಡದ ಹೇಳಿದೆ. ಆಮ್ಯಾಲೆ ಆಕೀನ ಅಂದ್ಲು, ಸಣ್ಣಾಕಿಗೆ ಹೇಳಬ್ಯಾಡ, ಪರೀಕ್ಷಾ ಐತಿ, ಹರಳು ಅನ್ನು ಅಂತ. ಅವ್ವ ತಿಳೀದ ಸಾಯಲಿಲ್ಲ, ಇಂದೂ. ತಿಳೀದ ಇದ್ದಾಕಿ ನೀ ಒಬ್ಬಾಕಿ."

ಇಪ್ಪತ್ತೊಂಬತ್ತು ವರ್ಷ. ಅಷ್ಟು ವರ್ಷ ಇಂದುಮತಿ ಊರೂರು ತಿರುಗಿ ತಾಯಿಗಾದ ಮೋಸದ ಕತೆ ಹೇಳಿದ್ದಳು. ಆ ಕತೆಯ ಮೇಲೆ ಯಂತ್ರ ಕಟ್ಟಿದ್ದಳು, ಕುರ್ಚಿ ಇಟ್ಟಿದ್ದಳು, ಬಾಗಿಲು ಹಾಕಿದ್ದಳು. ಮೋಸ ಹೋದವಳು ತಾಯಿಯಲ್ಲ, ತಾನು. ತಾಯಿಯೂ ಅಕ್ಕನೂ ಸೇರಿ ಮಾಡಿದ ಮೋಸ ಅದು. ಅಂಥ ಮೋಸ ಯಾರಿಗೂ ಆಗದಿರಲಿ ಎಂದು ಕಟ್ಟಿದ ಯಂತ್ರವೇ ಎರಡನೆಯ ಸಲ ಅದನ್ನು ಮಾಡಲು ಅಕ್ಕನಿಗೆ ಬೀಗವನ್ನೂ ಕೀಲಿಯನ್ನೂ ಒದಗಿಸಿತ್ತು. ತಾನು ನೆಟ್ಟ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಅವಳು ಕೈ ತೊಳೆಯದೆ ಎದ್ದು ಹೋದಳು.

ನಾಲ್ಕು ದಿನ ಖಾನಾವಳಿಯ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಬಂದು ಅಕ್ಕನನ್ನು ಶಸ್ತ್ರವೈದ್ಯರ ಬಳಿ ಕರೆದೊಯ್ದಳು. ಕಾಶವ್ವ ಹೊರಟಳು, ತಂಗಿಯ ಎದುರಿಗೇ ಎಲ್ಲ ಹೇಳಿರಿ ಎಂದು ಅನುಮತಿಯನ್ನೂ ಕೊಟ್ಟಳು. ಗಡ್ಡೆ ಯಕೃತ್ತಿನ ದೊಡ್ಡ ರಕ್ತನಾಳವನ್ನು ತಬ್ಬಿಕೊಂಡಿದೆ, ಇನ್ನು ಕತ್ತರಿ ಹಾಕುವಂತಿಲ್ಲ ಎಂದರು ವೈದ್ಯರು. ಆ ಮೂರು ಪಾಲು ಹೋಗಿತ್ತು. ಅದನ್ನು ಕೇಳಿ ಕಾಶವ್ವನ ಮುಖದಲ್ಲಿ ಒಂದು ನಿರಾಳ ಕಂಡಿತು. ಆ ನಿರಾಳವನ್ನು ಇಂದುಮತಿ ಎಂದೂ ಕ್ಷಮಿಸಲಿಲ್ಲ.

ಕ್ಷಮಿಸಲಿಲ್ಲ, ಆದರೆ ದಿನಾ ಬಂದಳು. ಸಿಟ್ಟು ಹೊತ್ತುಕೊಂಡೇ ಬಂದಳು, ಸಿಟ್ಟಿನಲ್ಲೇ ಉಂಡಳು, ಅಕ್ಕನ ಕಾಲು ಒತ್ತಿದಳು. ಎಷ್ಟೋ ಸಲ ಅಕ್ಕ ನಗುನಗುತ್ತಾ ಒಲೆಯ ಮುಂದೆ ನಿಂತಿರುವುದನ್ನು ಕಂಡಾಗ, ಇವಳು ಆರಿಸಿಕೊಂಡದ್ದೇ ಸರಿಯಿರಬಹುದು ಅನ್ನಿಸುತ್ತಿತ್ತು. ಸರಿಯೇ ಇರಲಿ, ತನಗೇಕೆ ಹೇಳಲಿಲ್ಲ? ಈ ಪ್ರಶ್ನೆ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಉಳಿಯಿತು, ನುಂಗಲೂ ಆಗದು, ಉಗುಳಲೂ ಆಗದು. ಅಕ್ಕನ ಎದುರು ಒಂಬತ್ತು ದಿನ ಕೂತು ದಾರಿಗಳನ್ನೆಲ್ಲ ತೂಗಿ ಹೇಳಿದ್ದಳು, ನಿನಗೇನು ಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ. ಅದು ನೆನಪಾದಾಗ ಸಿಟ್ಟು ತನ್ನ ಕಡೆಗೇ ತಿರುಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಅಕ್ಕನ ಕಡೆ.

ಐದು ತಿಂಗಳು ಓಡಾಡಿ ಕಾಶವ್ವ ಮಲಗಿದಳು. ಖಾನಾವಳಿಯ ಒಳಕೋಣೆಯಲ್ಲೇ ಹಾಸಿಗೆ. ರೊಟ್ಟಿಯ ಹೆಣ್ಣುಮಕ್ಕಳು ಸಾರಿನ ಹನಿಯನ್ನು ಅಲ್ಲಿಗೇ ತಂದು ಅವಳ ಅಂಗೈಗೆ ಹಾಕುತ್ತಿದ್ದರು, ಅವಳು ಮಲಗಿದಲ್ಲಿಂದಲೇ ಹುಕುಂ ಕೊಡುತ್ತಿದ್ದಳು. ಕೊನೆಯ ವಾರ ಇಂದುಮತಿ ತಾನೇ ಒಂದು ದಿನ ಬೇಳೆಸಾರು ಮಾಡಿ ತಂದಳು. ಜೀವಮಾನದಲ್ಲಿ ಒಲೆ ಹಚ್ಚಿದವಳಲ್ಲ. ಕಾಶವ್ವ ನೆಕ್ಕಿ, ಕಣ್ಣು ಮುಚ್ಚಿ, "ಸರಿ ಐತಿ" ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ಇಂದುಮತಿ ಒಂದು ಸೌಟು ಬಾಯಿಗೆ ಹಾಕಿಕೊಂಡಳು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನಾಲಿಗೆ ಹೋಗಿತ್ತೋ, ಇದು ಮೂರನೆಯ ಸುಳ್ಳೋ ಎಂದು ಕೇಳಲು ಅವಳು ಮತ್ತೆ ಒಳಗೆ ಹೋಗಲಿಲ್ಲ.

ಕಾಶವ್ವ ಏಳು ತಿಂಗಳು ಹನ್ನೊಂದು ದಿನ ಬದುಕಿದಳು. ಒರೆಗಲ್ಲಿನ ಲೆಕ್ಕ ತಪ್ಪಿದ್ದು ಹನ್ನೊಂದೇ ದಿನ.

ತಿಂಗಳಾದ ಮೇಲೆ ಇಂದುಮತಿ ಕೆಲಸಕ್ಕೆ ಮರಳಿ, ಮತ್ತೆ ಆ ಬಾಗಿಲ ಹೊರಗೆ ನಿಂತಳು. ಒಬ್ಬ ಶಾಲಾ ಶಿಕ್ಷಕಿ ಹೊರಬಂದವರು ಕನ್ನಡಕ ಒರೆಸಿ ಹಾಕಿಕೊಂಡು, ಗಂಡನ ಕಡೆ ನಕ್ಕು ಹೋದರು. ಆ ನಗುವನ್ನು ಇಂದುಮತಿ ಈಗ ಗುರುತು ಹಿಡಿದಳು. ಮೆಕ್ಯಾನಿಕ್ಕನದೂ ಅದೇ ನಗು, ಅಕ್ಕನದೂ ಅದೇ. ಬಿಲ್ಲೆ ಕೈಗೆ ಬಂದಮೇಲೆ ಜನ ಏನು ಕೇಳುತ್ತಾರೆ ಎಂದು ಸಿಸ್ಟರ್ ಮುಮ್ತಾಜರನ್ನು ವಿಚಾರಿಸಿದಳು.

"ಎಲ್ಲಾರೂ ಒಂದ ಮಾತು ಕೇಳ್ತಾರ್ರೀ ಮೇಡಂ. ಮನಿಯವರಿಗೆ ಏನಂತ ಹೇಳ್ಲಿ ಅಂತಾರ. ಆರು ವರ್ಷದಿಂದ ನಿಮಗ ಹೇಳಬೇಕು ಅಂತಿದ್ದೆ. ನಿಮ್ಮ ಮುಖದಾಗಿನ ಖುಷಿ ನೋಡಿ ಬಾಯಿ ಬರಲಿಲ್ಲ."

ತನ್ನಿಂದ ನಿಜ ಮುಚ್ಚಿಟ್ಟವರ ಸಾಲಿಗೆ ಇವರೂ ಸೇರಿದರು ಎಂದುಕೊಂಡಳು ಇಂದುಮತಿ. ಮೊದಲು ಮನೆಯವರು ರೋಗಿಗೆ ಸುಳ್ಳು ಹೇಳುತ್ತಿದ್ದರು, ಈಗ ರೋಗಿ ಮನೆಯವರಿಗೆ ಹೇಳುತ್ತಾನೆ. ಸುಳ್ಳು ಇದ್ದಲ್ಲೇ ಇತ್ತು, ಬಾಗಿಲು ಮಾತ್ರ ಆಚೆಯಿಂದ ಈಚೆಗೆ ತಿರುಗಿತ್ತು.

ಅವಳು ಯಂತ್ರಕ್ಕೆ ಕೈ ಹಚ್ಚಲಿಲ್ಲ. ನಿಯಮವನ್ನೂ ಸಡಿಲಿಸಲಿಲ್ಲ. ಕೋಣೆಗೆ ಇನ್ನೊಂದು ಕುರ್ಚಿ ಮಾತ್ರ ತರಿಸಿ ಮೊದಲಿನದರ ಪಕ್ಕದಲ್ಲಿ ಇಡಿಸಿದಳು. ಬಿಲ್ಲೆ ಬಾಯಿ ಬಿಡುವ ಮೊದಲು ಎರಡು ಪ್ರಶ್ನೆ ಕೇಳುವಂತೆ ಮಾಡಿದಳು, ಎರಡನ್ನೂ ತಾನೇ ದನಿ ಕೊಟ್ಟು ಮುದ್ರಿಸಿದಳು. ಯಾವುದನ್ನು ಕಳಕೊಂಡರೆ ನೀವು ನೀವಾಗಿ ಉಳಿಯುವುದಿಲ್ಲ? ಯಾರನ್ನು ಒಳಗೆ ಕರೆಯಲಿ?

ಮೊದಲನೆಯ ಪ್ರಶ್ನೆಗೆ ಜನ ಗಂಟೆಗಟ್ಟಲೆ ಉತ್ತರ ಹೇಳಿದರು. ಎರಡನೆಯದಕ್ಕೆ ಹೆಚ್ಚಿನವರು ಯಾರೂ ಬೇಡ ಎಂದರು. ಮೂರು ವರ್ಷ ಕಳೆದರೂ ಆ ಎರಡನೆಯ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದಿರಲಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಊರಿನ ಆಸ್ಪತ್ರೆಗೆ ಒರೆಗಲ್ಲು ಇನ್ನೂ ಬಂದಿಲ್ಲ. ಬರಲು ಬಹಳ ವರ್ಷ ಬೇಕು. ಡಾಕ್ಟರ ಎದುರು ಕುರ್ಚಿಗಳಂತೂ ಈಗಲೇ ಎರಡಿವೆ.